ಶತ್ರುವನ್ನು ಅಳೆಯುವ ಬಗೆ: ಎರಡನೇ ಮಹಾಯುದ್ಧ ಕಂಡ ಜಪಾನಿ ವೈಮಾನಿಕ

1940ರ ಸೆಪ್ಟೆಂಬರ್ 13ರಂದು ಚೀನಾದ ಚೊಂಗ್‌ಚಿಂಗ್ ನಗರದ ಬಳಿ ಜಪಾನಿನ 13 ಹೊಸ ವಿಮಾನಗಳು ಚೀನೀ ವಾಯುಪಡೆಯ ಮೇಲೆ ಎರಗಿದವು. ಸೋವಿಯತ್ ಒಕ್ಕೂಟದಿಂದ ಬಂದಿದ್ದ ಚೀನೀಯರ ಐ-15, ಐ-16 ವಿಮಾನಗಳು ಸಂಖ್ಯೆಯಲ್ಲಿ ಅವಕ್ಕಿಂತ ದುಪ್ಪಟ್ಟು ಇದ್ದವು. ಕಾದಾಟ ಮುಗಿಯುವ ಹೊತ್ತಿಗೆ ಚೀನೀಯರು ಹತ್ತಕ್ಕೂ ಹೆಚ್ಚು ವಿಮಾನ ಕಳೆದುಕೊಂಡಿದ್ದರು. ಜಪಾನಿನದು ಒಂದೂ ಉರುಳಿರಲಿಲ್ಲ. ಮಿತ್ಸುಬಿಶಿ ಕಂಪನಿಯ ಎಂಜಿನಿಯರ್ ಜಿರೊ ಹೊರಿಕೊಶಿ ರೂಪಿಸಿದ ಈ ವಿಮಾನವನ್ನೇ ಮುಂದೆ ಜಗತ್ತು ‘ಝೀರೊ’ ಎಂದು ಕರೆದದ್ದು. ಪರ್ಲ್ ಹಾರ್ಬರ್ ದಾಳಿಗೆ ಆಗ ಇನ್ನೂ ಸುಮಾರು 15 ತಿಂಗಳು ಬಾಕಿ ಇತ್ತು.

ಈ ಸುದ್ದಿ ಗುಟ್ಟಾಗಿಯೇನೂ ಉಳಿಯಲಿಲ್ಲ. ಚೀನಾ ಸರ್ಕಾರದ ಸಲಹೆಗಾರನಾಗಿದ್ದ ಅಮೆರಿಕದ ನಿವೃತ್ತ ಸೇನಾಧಿಕಾರಿ ಕ್ಲೇರ್ ಶೆನಾಲ್ಟ್ ಹೊಸ ವಿಮಾನದ ಬಗ್ಗೆ ತನ್ನ ದೇಶಕ್ಕೆ ಎಚ್ಚರಿಕೆ ಕೊಟ್ಟಿದ್ದ. 1941ರಲ್ಲಿ ಚೀನಾದಲ್ಲಿ ಬಿದ್ದ ಝೀರೊ ಒಂದರ ವಿವರಗಳು ಬ್ರಿಟಿಷರ ಸಿಂಗಪುರದ ಕಚೇರಿಯವರೆಗೂ ಬಂದಿದ್ದವು. ಆದರೆ ಅವು ಕಡತದಲ್ಲೇ ಉಳಿದವು. ನಾಳೆ ಅದೇ ವಿಮಾನದ ಎದುರು ಹಾರಬೇಕಿದ್ದ ಪೈಲಟ್‌ಗಳ ಕೈಗೆ ಸೇರಲಿಲ್ಲ.

ಮಾಹಿತಿ ಇದ್ದೂ ಅದನ್ನು ಓದಲು ಬಿಡದೆ ಹೋದದ್ದು ಏನು? ಎರಡನೇ ಮಹಾಯುದ್ಧದ ವಾಯುಸಮರವನ್ನು ಕುರಿತ ಅಧ್ಯಯನಗಳೆಲ್ಲ ಒಂದಲ್ಲ ಒಂದು ಬಗೆಯಲ್ಲಿ ಈ ಪ್ರಶ್ನೆಗೆ ಬಂದು ನಿಲ್ಲುತ್ತವೆ. ನಾಲ್ಕು ವರ್ಷಗಳ ಅವಧಿಯಲ್ಲಿ ಎದುರಾಳಿಗಳು ಜಪಾನಿ ವೈಮಾನಿಕನಿಗೆ ಮೂರು ಮುಖಗಳನ್ನು ತೊಡಿಸಿದರು. ಮೊದಲು ಅವನು ಕೈಲಾಗದವನು, ಆಮೇಲೆ ಸೋಲೇ ಇಲ್ಲದವನು, ಕೊನೆಗೆ ಬುದ್ಧಿ ಕೆಟ್ಟವನು. ಮೂರೂ ನಿಜವಲ್ಲ. ಅವನು ಒಂದು ಬಗೆಯ ತರಬೇತಿ ಪಡೆದು, ಒಂದು ಬಗೆಯ ಯಂತ್ರ ನಡೆಸುತ್ತ, ಒಂದು ವ್ಯವಸ್ಥೆಯೊಳಗೆ ಸಿಕ್ಕಿಕೊಂಡಿದ್ದ ಮನುಷ್ಯ. ಹಾಗೆ ಕಂಡವರು ಕೆಲವೇ ಮಂದಿ. ಅವನನ್ನು ಸರಿಯಾಗಿ ಎದುರಿಸಲು ಸಾಧ್ಯವಾದದ್ದೂ ಅವರಿಗೇ.

ಹಾರಲು ಬಾರದವರು ಎಂಬ ನಂಬಿಕೆ

ಯುದ್ಧಕ್ಕೆ ಮುಂಚಿನ ಪಾಶ್ಚಾತ್ಯ ಬರಹಗಳಲ್ಲಿ ಜಪಾನೀಯರ ಬಗ್ಗೆ ವಿಚಿತ್ರ ‘ವೈದ್ಯಕೀಯ’ ಸಿದ್ಧಾಂತಗಳಿದ್ದವು. ಅವರಿಗೆಲ್ಲ ಸಮೀಪದೃಷ್ಟಿಯ ದೋಷ, ರಾತ್ರಿ ಕಣ್ಣು ಕಾಣುವುದಿಲ್ಲ. ಕೂಸುಗಳನ್ನು ತಾಯಂದಿರು ಬೆನ್ನಿಗೆ ಕಟ್ಟಿಕೊಂಡು ಓಡಾಡುವುದರಿಂದ ಒಳಗಿವಿ ಕೆಟ್ಟು ಸಮತೋಲ ತಪ್ಪುತ್ತದೆ. ಹೀಗಾಗಿ ಅವರು ಒಳ್ಳೆಯ ಪೈಲಟ್‌ಗಳಾಗಲಾರರು ಎಂದು ವಿದ್ಯಾವಂತರೇ ವಾದಿಸುತ್ತಿದ್ದರು. ನೌಕಾಬಲದ ಬಗ್ಗೆ ಬರೆದು ಹೆಸರಾಗಿದ್ದ ಅಮೆರಿಕದ ಲೇಖಕ ಫ್ಲೆಚರ್ ಪ್ರ್ಯಾಟ್ 1939ರ ತನ್ನ ಪುಸ್ತಕದಲ್ಲಿ ಇಂಥ ವಾದಗಳನ್ನು ಗಂಭೀರವಾಗಿಯೇ ಮುಂದಿಟ್ಟ. ಜಪಾನಿನ ವಿಮಾನಗಳೆಲ್ಲ ಪಾಶ್ಚಾತ್ಯ ವಿಮಾನಗಳ ಕಳಪೆ ನಕಲು ಎಂಬುದು ಇನ್ನೊಂದು ನಂಬಿಕೆ.

ಅದೇ ವರ್ಷಗಳಲ್ಲಿ ಜಪಾನಿನ ನೌಕಾಪಡೆಯ ತರಬೇತಿ ಶಾಲೆಯಲ್ಲಿ ನಡೆಯುತ್ತಿದ್ದುದೇ ಬೇರೆ. ಮುಂದೆ ಜಪಾನಿನ ಹೆಸರಾಂತ ಫೈಟರ್ ಪೈಲಟ್ ಆದ ಸಬುರೊ ಸಕಾಯ್ ತನ್ನ ನೆನಪುಗಳಲ್ಲಿ ಅದನ್ನು ವಿವರಿಸಿದ್ದಾನೆ. 1937ರಲ್ಲಿ ಅವನ ತಂಡಕ್ಕೆ ಅರ್ಜಿ ಹಾಕಿದವರು 1,500ಕ್ಕೂ ಹೆಚ್ಚು ಮಂದಿ, ಆಯ್ಕೆಯಾದವರು 70, ಕೊನೆಗೆ ಉತ್ತೀರ್ಣರಾದವರು ಸುಮಾರು 25. ಅಲ್ಲಿನ ಒಂದು ಅಭ್ಯಾಸವೆಂದರೆ ಹಾಡಹಗಲಿನಲ್ಲಿ ಆಕಾಶದಲ್ಲಿ ನಕ್ಷತ್ರ ಹುಡುಕುವುದು. ಹುಡುಗರು ಗಂಟೆಗಟ್ಟಲೆ ನೆಲದ ಮೇಲೆ ಮಲಗಿ ದೃಷ್ಟಿ ನೆಟ್ಟು ಅದನ್ನು ಸಾಧಿಸುತ್ತಿದ್ದರು. ಹಾರುವ ನೊಣವನ್ನು ಕೈಬೀಸಿ ಹಿಡಿದು ಚುರುಕು ಬೆಳೆಸಿಕೊಳ್ಳುತ್ತಿದ್ದರು. ಇವರನ್ನೇ ಕಣ್ಣು ಕಾಣದವರೆಂದು ಎದುರಾಳಿಗಳು ನಂಬಿ ಕೂತಿದ್ದರು.

ನಂಬಿಕೆ ಇಷ್ಟು ಗಟ್ಟಿಯಾಗಿ ಬೇರೂರಿದ್ದಕ್ಕೆ ಜನಾಂಗದ ಜಂಬವೊಂದೇ ಕಾರಣವಲ್ಲ. ಅದು ಖಜಾನೆಗೂ ಅನುಕೂಲವಾಗಿತ್ತು. ಮಲಯ ಮತ್ತು ಸಿಂಗಪುರದ ರಕ್ಷಣೆಗೆ 336 ವಿಮಾನ ಬೇಕೆಂದು ಲಂಡನ್ನಿನ ಸೇನಾ ಮುಖ್ಯಸ್ಥರು ನಿಗದಿ ಮಾಡಿದ್ದರು. ಯುದ್ಧ ಶುರುವಾದಾಗ ಅಲ್ಲಿ ಸಜ್ಜಾಗಿದ್ದವು 158 ಮಾತ್ರ. ಫೈಟರ್‌ಗಳೆಂದರೆ ಅಮೆರಿಕದ ಬ್ರೂಸ್ಟರ್ ಬಫಲೊ. ಯುರೋಪಿನ ಯುದ್ಧಕ್ಕೆ ಸಾಲದೆಂದು ಬದಿಗಿಟ್ಟ ನಿಧಾನಗತಿಯ ವಿಮಾನ. ದೂರಪ್ರಾಚ್ಯದ ಬ್ರಿಟಿಷ್ ದಂಡನಾಯಕ ರಾಬರ್ಟ್ ಬ್ರೂಕ್-ಪೋಪಮ್ ಮಲಯಕ್ಕೆ ಬಫಲೊ ಸಾಕು ಎಂದು ಬಹಿರಂಗವಾಗಿ ಹೇಳಿದ. ಒಳ್ಳೆಯ ವಿಮಾನಗಳು ಜರ್ಮನಿಯ ವಿರುದ್ಧ ಬೇಕಾಗಿದ್ದವು. ಜಪಾನಿ ಪೈಲಟ್ ಕೀಳು ಎಂದು ಒಪ್ಪಿಕೊಂಡುಬಿಟ್ಟರೆ ಎರಡನೇ ದರ್ಜೆಯ ವಿಮಾನ ಕಳಿಸಿದ್ದಕ್ಕೆ ಸಮಜಾಯಿಷಿ ಸಿಕ್ಕಂತೆಯೇ. ಪೂರ್ವಗ್ರಹಕ್ಕೆ ಹೀಗೆ ಆಡಳಿತದ ಬೆಂಬಲವೂ ಸಿಕ್ಕಾಗ ಅದನ್ನು ಅಲುಗಾಡಿಸಲು ಒಂದು ವರದಿಯಿಂದ ಆಗುವುದಿಲ್ಲ.

ಮೂರು ದಿನಗಳಲ್ಲಿ ತಿರುಗಿದ ಲೆಕ್ಕ

1941ರ ನವೆಂಬರ್ 29ರಂದು ಅಮೆರಿಕದ ಭೂಸೇನೆ ಮತ್ತು ನೌಕಾಸೇನೆಯ ಅಕಾಡೆಮಿಗಳ ನಡುವೆ ವಾರ್ಷಿಕ ಫುಟ್‌ಬಾಲ್ ಪಂದ್ಯ ನಡೆಯಿತು. ಪ್ರೇಕ್ಷಕರಿಗೆ ಹಂಚಿದ ಪುಸ್ತಿಕೆಯಲ್ಲಿ ‘ಅರಿಜೋನಾ’ ಯುದ್ಧನೌಕೆಯ ಚಿತ್ರವಿತ್ತು. ವಿಮಾನದ ಪಕ್ಷಪಾತಿಗಳು ಏನೇ ಹೇಳಲಿ, ಬಾಂಬಿನಿಂದ ಇದುವರೆಗೆ ಯಾವ ಯುದ್ಧನೌಕೆಯೂ ಮುಳುಗಿಲ್ಲ ಎಂಬ ಅರ್ಥದ ಮಾತು ಚಿತ್ರದ ಕೆಳಗೆ ಅಚ್ಚಾಗಿತ್ತು. ಎಂಟೇ ದಿನಗಳಲ್ಲಿ, ಡಿಸೆಂಬರ್ 7ರ ಬೆಳಗ್ಗೆ, ಪರ್ಲ್ ಹಾರ್ಬರ್‌ನಲ್ಲಿ ಅದೇ ಅರಿಜೋನಾ ಬಾಂಬಿಗೆ ಸಿಕ್ಕು ಸ್ಫೋಟಿಸಿ ಮುಳುಗಿತು.

ಆರು ವಿಮಾನವಾಹಕ ನೌಕೆಗಳಿಂದ ಎದ್ದ ಸುಮಾರು 350 ವಿಮಾನಗಳು ಎರಡು ಅಲೆಗಳಲ್ಲಿ ಬಂದಿದ್ದವು. ಜಪಾನ್ ಕಳೆದುಕೊಂಡದ್ದು 29. ಅಮೆರಿಕದ ಕಡೆ ಸತ್ತವರು 2,400ಕ್ಕೂ ಹೆಚ್ಚು. ಬಂದರಿನ ನೀರು ಸುಮಾರು 12 ಮೀಟರ್ ಆಳವಷ್ಟೇ ಇದ್ದದ್ದರಿಂದ ವಿಮಾನದಿಂದ ಬಿಟ್ಟ ಟಾರ್ಪಿಡೊ ತಳದ ಕೆಸರಿಗೆ ಹೋಗಿ ಹೂತುಕೊಳ್ಳುತ್ತದೆ ಎಂದು ಅಮೆರಿಕನ್ನರು ನೆಮ್ಮದಿಯಿಂದಿದ್ದರು. ಜಪಾನೀಯರು ಟಾರ್ಪಿಡೊಗೆ ಮರದ ರೆಕ್ಕೆ ಜೋಡಿಸಿ, ಕಾಗೊಶಿಮಾ ಕೊಲ್ಲಿಯಲ್ಲಿ ಅಲೆಗಳಿಗೆ ತಾಗುವಷ್ಟು ಕೆಳಗೆ ಹಾರಿ ತಿಂಗಳುಗಟ್ಟಲೆ ಅಭ್ಯಾಸ ಮಾಡಿ ಆ ತೊಡಕನ್ನು ಬಿಡಿಸಿಕೊಂಡಿದ್ದರು.

ಮೂರು ದಿನ ಕಳೆದು, ಡಿಸೆಂಬರ್ 10ರಂದು, ಇಂಡೋಚೀನಾದ ನೆಲೆಗಳಿಂದ ಹೊರಟ ಜಪಾನಿ ಬಾಂಬರ್‌ಗಳು ಮಲಯದ ಕ್ವಾಂತನ್ ಬಳಿ ಸಮುದ್ರದಲ್ಲಿ ಬ್ರಿಟನ್ನಿನ ‘ಪ್ರಿನ್ಸ್ ಆಫ್ ವೇಲ್ಸ್’ ಮತ್ತು ‘ರಿಪಲ್ಸ್’ ನೌಕೆಗಳನ್ನು ಮುಳುಗಿಸಿದವು. 800ಕ್ಕೂ ಹೆಚ್ಚು ನಾವಿಕರು, ಅವರೊಂದಿಗೆ ಅಡ್ಮಿರಲ್ ಟಾಮ್ ಫಿಲಿಪ್ಸ್ ಕೂಡ ಪ್ರಾಣ ಕಳೆದುಕೊಂಡರು. ಜಪಾನಿಗೆ ನಷ್ಟವಾದದ್ದು ಮೂರು ವಿಮಾನ. ನಡುಗಡಲಲ್ಲಿ ಸಾಗುತ್ತ, ಗುಂಡು ಹಾರಿಸಿ ಕಾದುತ್ತಿದ್ದ ದೊಡ್ಡ ಯುದ್ಧನೌಕೆಗಳನ್ನು ವಿಮಾನಗಳಷ್ಟೇ ಮುಳುಗಿಸಿದ್ದು ಅದೇ ಮೊದಲು.

ಹಳೆಯ ನಂಬಿಕೆ ಆಗಲೂ ತಾನಾಗಿ ಸಾಯಲಿಲ್ಲ. ಇಷ್ಟು ಚೆನ್ನಾಗಿ ಹಾರಿದವರು ಜಪಾನೀಯರಾಗಿರಲು ಸಾಧ್ಯವಿಲ್ಲ, ಜರ್ಮನರೇ ಇರಬೇಕು ಎಂಬ ಗುಲ್ಲು ಹಬ್ಬಿತು. ಫಿಲಿಪ್ಪೀನ್ಸ್‌ನಲ್ಲಿದ್ದ ಅಮೆರಿಕದ ಜನರಲ್ ಮ್ಯಾಕಾರ್ಥರ್ ಕೂಡ ಬಿಳಿಯ ಬಾಡಿಗೆ ಪೈಲಟ್‌ಗಳು ಬಂದಿದ್ದಾರೆಂದು ನಂಬಿದ್ದನೆಂದು ಇತಿಹಾಸಕಾರರು ದಾಖಲಿಸಿದ್ದಾರೆ. ತಲೆಯ ಮೇಲೆಯೇ ಬಾಂಬು ಬೀಳುತ್ತಿದ್ದಾಗಲೂ ಜನ ತಮ್ಮ ಹಳೆಯ ನಂಬಿಕೆಯನ್ನು ಉಳಿಸಿಕೊಳ್ಳಲು ಹೊಸ ಕತೆ ಕಟ್ಟುತ್ತಿದ್ದರು.

ಬಾಂಬಿನ ಅಡಿಯಲ್ಲಿದ್ದವರು ಕಂಡದ್ದು

ಪಾಶ್ಚಾತ್ಯ ಇತಿಹಾಸಗಳು ಹೆಚ್ಚಾಗಿ ಪೈಲಟ್ ಮತ್ತು ಅಡ್ಮಿರಲ್‌ಗಳ ಕಣ್ಣಿನಿಂದ ಈ ಕತೆ ಹೇಳುತ್ತವೆ. ಏಷ್ಯಾದ ಜನರ ಪಾಲಿಗೆ ಜಪಾನಿನ ವಾಯುಬಲ ಚರ್ಚೆಯ ವಿಷಯವೇ ಆಗಿರಲಿಲ್ಲ. ಶಾಂಘೈ, ಕ್ಯಾಂಟನ್ ನಗರಗಳು 1937ರಿಂದಲೇ ಬಾಂಬು ಕಂಡಿದ್ದವು. ಚೊಂಗ್‌ಚಿಂಗ್ ಮೇಲೆ 1938ರಿಂದ 1943ರವರೆಗೆ ದಾಳಿ ನಡೆಯುತ್ತಲೇ ಇತ್ತು. 1941ರ ಜೂನ್ 5ರ ರಾತ್ರಿ ಅಲ್ಲಿನ ಸುರಂಗವೊಂದರಲ್ಲಿ ಆಶ್ರಯ ಪಡೆದ ಜನ ಗಾಳಿಯಿಲ್ಲದೆ ಉಸಿರುಕಟ್ಟಿ, ನೂಕುನುಗ್ಗಲಿನಲ್ಲಿ ಸಿಕ್ಕಿ ನೂರುಗಟ್ಟಲೆ ಸತ್ತರು. ಚೀನೀಯರಿಗೆ ಜಪಾನಿ ಪೈಲಟ್‌ನ ಸಾಮರ್ಥ್ಯದ ಬಗ್ಗೆ ಅನುಮಾನವಿರಲಿಲ್ಲ. ಅವರ ಅನುಭವವನ್ನು ಸಾಕ್ಷ್ಯವೆಂದು ಎಣಿಸಿದವರು ಇರಲಿಲ್ಲ.

1941ರ ಡಿಸೆಂಬರ್ 23ರಂದು ರಂಗೂನಿನ ಮೇಲೆ ಬಾಂಬು ಬಿದ್ದಾಗ ವಿಮಾನ ನೋಡಲೆಂದು ಬೀದಿಗೆ ಬಂದು ನಿಂತಿದ್ದವರೇ ಹೆಚ್ಚಾಗಿ ಬಲಿಯಾದರು. ಸತ್ತವರು ಸಾವಿರಕ್ಕೂ ಹೆಚ್ಚು. ಆ ನಗರದಲ್ಲಿ ದುಡಿಯುತ್ತಿದ್ದ ಭಾರತೀಯರು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಊರು ಬಿಟ್ಟರು. ಹಡಗು ಸಿಗದವರು ಕಾಡು ಬೆಟ್ಟ ಹತ್ತಿಳಿದು ನಡೆದೇ ಭಾರತ ಸೇರಿದರು. ದಾರಿಯಲ್ಲಿ ಹಸಿವು, ಮಲೇರಿಯಾ, ಕಾಲರಾಕ್ಕೆ ಸತ್ತವರು ಸಾವಿರಾರು. ಬದುಕಿ ಬಂದವರ ಜೊತೆ ಭಯದ ಸುದ್ದಿಯೂ ಬಂತು.

1942ರ ಏಪ್ರಿಲ್‌ನಲ್ಲಿ ಆ ಭಯ ಭಾರತದ ಕರಾವಳಿಗೇ ಬಂದಿತು. ಏಪ್ರಿಲ್ 5ರಂದು ಕೊಲಂಬೊ, 9ರಂದು ಟ್ರಿಂಕೊಮಲಿ ದಾಳಿಗೊಳಗಾದವು. ಬ್ರಿಟನ್ನಿನ ವಿಮಾನವಾಹಕ ‘ಹರ್ಮಿಸ್’ ಮುಳುಗಿತು. ನಡುವೆ, 6ರಂದು, ‘ರ್‍ಯೂಜೊ’ ನೌಕೆಯ ವಿಮಾನಗಳು ವಿಶಾಖಪಟ್ಟಣ ಮತ್ತು ಕಾಕಿನಾಡದ ಮೇಲೆ ಬಾಂಬು ಹಾಕಿದವು. ಬಿದ್ದ ಬಾಂಬು ಕೆಲವೇ; ಬಿದ್ದ ದಿಗಿಲು ದೊಡ್ಡದು. ಮದ್ರಾಸಿನಲ್ಲಿ ಜಪಾನಿ ನೌಕಾಪಡೆ ಬರುತ್ತಿದೆಯೆಂಬ ಸುದ್ದಿ ಹಬ್ಬಿ ಜನ ಸಿಕ್ಕ ರೈಲು ಹತ್ತಿದರು. ಸರ್ಕಾರಿ ಕಚೇರಿಗಳು ಒಳನಾಡಿಗೆ ಹೋದವು. ಬಾಂಬು ಬಿದ್ದು ಬೋನು ಮುರಿದರೆ ಹೊರಬರಬಹುದೆಂದು ಮೃಗಾಲಯದ ಹಿಂಸ್ರಪ್ರಾಣಿಗಳನ್ನು ಗುಂಡಿಟ್ಟು ಕೊಂದರು. ಆ ನೌಕಾಪಡೆ ಬರಲೇ ಇಲ್ಲ. ಕೆಲವೇ ತಿಂಗಳ ಹಿಂದೆ ಜಪಾನಿಗೆ ವಾಯುಬಲವೇ ಇಲ್ಲವೆಂಬಂತೆ ಮಾತಾಡಿದ್ದ ಆಡಳಿತವೇ ಈಗ ಇಲ್ಲದ ದಾಳಿಗೆ ಹೆದರಿ ಊರು ಖಾಲಿ ಮಾಡಿಸಿತು.

ಈ ಕತೆಯ ಒಂದು ಎಳೆ ಬೆಂಗಳೂರಿಗೂ ಬರುತ್ತದೆ. ಉದ್ಯಮಿ ವಾಲಚಂದ್ ಹೀರಾಚಂದ್ ಮೈಸೂರು ಸರ್ಕಾರದ ಪಾಲುದಾರಿಕೆಯಲ್ಲಿ 1940ರ ಡಿಸೆಂಬರ್‌ನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಇಲ್ಲಿ ಸ್ಥಾಪಿಸಿದರು. ಅದಕ್ಕೆ ತಾಂತ್ರಿಕ ನೆರವು ತಂದ ಅಮೆರಿಕದ ವಿಲಿಯಂ ಪಾಲಿ, ಶೆನಾಲ್ಟ್‌ನ ‘ಫ್ಲೈಯಿಂಗ್ ಟೈಗರ್ಸ್’ ದಳಕ್ಕೆ ವಿಮಾನ ಜೋಡಿಸಿಕೊಡುತ್ತಿದ್ದ ಕಂಪನಿಯನ್ನು ನಡೆಸುತ್ತಿದ್ದವನೇ. ಜಪಾನ್ ಬರ್ಮಾಕ್ಕೆ ನುಗ್ಗಿದ ಮೇಲೆ ಬೆಂಗಳೂರಿನ ಕಾರ್ಖಾನೆಯನ್ನು ಭಾರತ ಸರ್ಕಾರ ವಹಿಸಿಕೊಂಡಿತು. 1943ರಲ್ಲಿ ಅದು ಅಮೆರಿಕದ ವಾಯುಪಡೆಯ ದುರಸ್ತಿ ಕೇಂದ್ರವಾಯಿತು. ಬರ್ಮಾ-ಚೀನಾ ರಂಗದಲ್ಲಿ ಹಾರುತ್ತಿದ್ದ ವಿಮಾನಗಳು ಇಲ್ಲಿನ ಕೆಲಸಗಾರರ ಕೈಯಲ್ಲಿ ರಿಪೇರಿಯಾದವು. ಭಾರತದ ವಿಮಾನ ಉದ್ಯಮದ ಮೊದಲ ಪಾಠಗಳಲ್ಲಿ ಜಪಾನಿ ವಾಯುಬಲದ ಒತ್ತಡವೂ ಸೇರಿದೆ.

ಸೋಲಿಲ್ಲದವನು ಎಂಬ ಭಯ, ಅದನ್ನು ಕರಗಿಸಿದವರು

1942ರ ಮೊದಲರ್ಧದಲ್ಲಿ ಝೀರೊ ಎಲ್ಲೆಲ್ಲೂ ಇದೆ ಎಂದು ಮಿತ್ರಪಡೆಗಳ ಪೈಲಟ್‌ಗಳಿಗೆ ಅನ್ನಿಸತೊಡಗಿತು. ಬರ್ಮಾ, ಮಲಯಗಳಲ್ಲಿ ಅವರು ಎದುರಿಸಿದ್ದು ಬಹುಪಾಲು ಜಪಾನಿ ಭೂಸೇನೆಯ ‘ಹಯಬುಸಾ’ ಮುಂತಾದ ವಿಮಾನಗಳನ್ನು. ಝೀರೊ ನೌಕಾಪಡೆಯದು. ಆದರೆ ವರದಿಗಳಲ್ಲಿ ಎಲ್ಲವೂ ಝೀರೊ ಆಗಿಬಿಟ್ಟವು. ಹೆದರಿದವನಿಗೆ ಎದುರಾಳಿಗಳೆಲ್ಲ ಒಂದೇ ಥರ ಕಾಣುತ್ತಾರೆ.

ಈ ಭಯವನ್ನು ಕರಗಿಸಿದ್ದು ವೀರಾವೇಶದ ಭಾಷಣಗಳಲ್ಲ, ತಾಳ್ಮೆಯ ಲೆಕ್ಕಾಚಾರ. ಶೆನಾಲ್ಟ್ ತನ್ನ ಪೈಲಟ್‌ಗಳಿಗೆ ಜಪಾನಿ ವಿಮಾನದ ಜೊತೆ ಸುತ್ತು ಹಾಕುತ್ತ ಕಾದಬೇಡಿ, ಎತ್ತರದಿಂದ ಜೋಡಿಯಾಗಿ ಧುಮುಕಿ ಹೊಡೆದು ಹಾಗೆಯೇ ಮುಂದೆ ಸಾಗಿಬಿಡಿ ಎಂದು ಕಲಿಸಿದ. ಅವನ ಪಿ-40 ಭಾರದ ವಿಮಾನ. ತಿರುಗುವುದರಲ್ಲಿ ಸೋಲುತ್ತಿತ್ತು, ಧುಮುಕುವುದರಲ್ಲಿ ಗೆಲ್ಲುತ್ತಿತ್ತು. ಅಮೆರಿಕದ ನೌಕಾಪಡೆಯಲ್ಲಿ ಜಾನ್ ಥ್ಯಾಚ್ ಎಂಬ ಅಧಿಕಾರಿಗೆ 1941ರಲ್ಲೇ ಚೀನಾದಿಂದ ಬಂದ ಗುಪ್ತಚರ ವರದಿಯೊಂದು ಸಿಕ್ಕಿತು. ಅದನ್ನು ಹಲವರು ನಂಬಲಿಲ್ಲ, ಥ್ಯಾಚ್ ನಂಬಿದ. ರಾತ್ರಿ ಮನೆಯ ಊಟದ ಮೇಜಿನ ಮೇಲೆ ಬೆಂಕಿಕಡ್ಡಿಗಳನ್ನು ವಿಮಾನಗಳೆಂದು ಜೋಡಿಸಿಕೊಂಡು, ತನ್ನದಕ್ಕಿಂತ ಚುರುಕಾದ ವಿಮಾನ ಬೆನ್ನು ಹತ್ತಿದರೆ ಏನು ಮಾಡುವುದು ಎಂದು ಯೋಚಿಸುತ್ತ ಕೂತ. ಎರಡು ಜೋಡಿಗಳು ಒಂದರತ್ತ ಒಂದು ತಿರುಗುತ್ತ, ಅಡ್ಡ ಹಾಯುತ್ತ ಹಾರಿದರೆ ಒಂದರ ಬೆನ್ನು ಹತ್ತಿದ ಶತ್ರು ಇನ್ನೊಂದರ ಗುಂಡಿಗೆ ಎದುರಾಗುತ್ತಾನೆ ಎಂಬುದು ಅವನಿಗೆ ಹೊಳೆಯಿತು. 1942ರ ಜೂನ್ 4ರಂದು ಮಿಡ್‌ವೇ ಕಾಳಗದಲ್ಲಿ ಆ ತಂತ್ರ ಅವನನ್ನೂ ಅವನ ಸಂಗಡಿಗರನ್ನೂ ಕಾಪಾಡಿತು.

ಅದೇ ದಿನ ಉತ್ತರದ ಅಲ್ಯೂಷಿಯನ್ ದ್ವೀಪಗಳಲ್ಲಿ ತದಯೊಶಿ ಕೊಗಾ ಎಂಬ ಯುವಕನ ಝೀರೊಗೆ ಗುಂಡು ತಗುಲಿ ತೈಲ ಸೋರತೊಡಗಿತು. ಅಕುತಾನ್ ದ್ವೀಪದಲ್ಲಿ ಹಸಿರು ಹುಲ್ಲಿನ ಬಯಲು ಕಂಡು ಅವನು ಚಕ್ರಗಳನ್ನು ಹೊರಚಾಚಿ ಇಳಿದ. ಅದು ಜೌಗು. ಚಕ್ರ ಹೂತು ವಿಮಾನ ಮಗುಚಿ ಬಿತ್ತು; ಕೊಗಾ ಸತ್ತ. ಶತ್ರುವಿನ ಕೈಗೆ ಸಿಗದಂತೆ ವಿಮಾನವನ್ನು ಸುಡಬೇಕೆಂಬುದು ಸಂಗಡಿಗರಿಗಿದ್ದ ಆಜ್ಞೆ. ಗೆಳೆಯ ಒಳಗೆ ಬದುಕಿರಬಹುದು ಎಂದು ಅವರಿಗೆ ಗುಂಡು ಹಾರಿಸಲು ಮನಸ್ಸು ಬರಲಿಲ್ಲ. ಒಂದು ತಿಂಗಳ ಮೇಲೆ ಅಮೆರಿಕನ್ನರು ಅದನ್ನು ಕಂಡು ಸ್ಯಾನ್ ಡಿಯೇಗೊಗೆ ಸಾಗಿಸಿ ದುರಸ್ತಿ ಮಾಡಿ ಹಾರಿಸಿದರು. ವೇಗ ಕಡಿಮೆಯಿದ್ದಾಗ ಅದರಷ್ಟು ಚುರುಕು ಇನ್ನೊಂದಿಲ್ಲ; ವೇಗ ಹೆಚ್ಚಿದಂತೆ ರೆಕ್ಕೆಯ ನಿಯಂತ್ರಣ ಬಿಗಿಯಾಗುತ್ತದೆ; ಮೂತಿಯನ್ನು ಥಟ್ಟನೆ ಕೆಳಗೆ ಒತ್ತಿದರೆ ಎಂಜಿನ್ ಒಂದು ಕ್ಷಣ ತಡವರಿಸುತ್ತದೆ; ಹಗುರವಾಗಿಸಲೆಂದು ಪೈಲಟ್‌ಗೆ ರಕ್ಷಾಕವಚವಿಲ್ಲ, ತೈಲದ ತೊಟ್ಟಿಗೆ ಗುಂಡಿನ ರಂಧ್ರ ಮುಚ್ಚುವ ಹೊದಿಕೆಯಿಲ್ಲ. ಇವೆಲ್ಲ ಖಚಿತವಾದವು. ಅಮೆರಿಕದ ಹೆಲ್‌ಕ್ಯಾಟ್ ವಿಮಾನ ಈ ಝೀರೊವನ್ನು ನೋಡಿಯೇ ವಿನ್ಯಾಸಗೊಂಡಿತು ಎಂಬ ಮಾತು ಇಂದಿಗೂ ಕೇಳಿಬರುತ್ತದೆ. ಅದು ತಪ್ಪು. ಹೆಲ್‌ಕ್ಯಾಟ್ ಮೊದಲ ಸಲ ಹಾರಿದ್ದು 1942ರ ಜೂನ್ 26ರಂದು. ಕೊಗಾನ ವಿಮಾನ ಆಗಿನ್ನೂ ಜೌಗಿನಲ್ಲೇ ಬಿದ್ದಿತ್ತು.

ಜಪಾನ್ ತನ್ನನ್ನೇ ಕಂಡ ರೀತಿ

ತಪ್ಪು ಎಣಿಕೆ ಎದುರಾಳಿಗಳದು ಮಾತ್ರವಾಗಿರಲಿಲ್ಲ. ಮನೋಬಲವೊಂದಿದ್ದರೆ ಉಕ್ಕು ಮತ್ತು ತೈಲದ ಕೊರತೆಯನ್ನು ತುಂಬಿಕೊಳ್ಳಬಹುದು, ಸುಖಕ್ಕೆ ಒಗ್ಗಿದ ಅಮೆರಿಕನ್ನರು ದೀರ್ಘ ಯುದ್ಧ ತಾಳಲಾರರು ಎಂದು ಜಪಾನಿನ ಸೇನಾ ನಾಯಕತ್ವ ನಂಬಿತ್ತು. ಆದರೆ ವಾಸ್ತವ ಬೇರೆಯಿತ್ತು: ಝೀರೊದ ಮೊದಲ ಮಾದರಿಯನ್ನು ನಗೋಯಾದ ಕಾರ್ಖಾನೆಯಿಂದ ಕಗಮಿಗಹರಾದ ವಿಮಾನ ನಿಲ್ದಾಣಕ್ಕೆ ಸಾಗಿಸಿದ್ದು ಎತ್ತಿನ ಗಾಡಿಯಲ್ಲಿ. ಕಾರ್ಖಾನೆಯ ಪಕ್ಕ ಓಡುದಾರಿ ಇರಲಿಲ್ಲ, ರಸ್ತೆ ಕೆಟ್ಟದಿತ್ತು; ಲಾರಿಯ ಕುಲುಕಾಟಕ್ಕೆ ನಾಜೂಕಿನ ವಿಮಾನ ಜಖಂ ಆಗುತ್ತಿತ್ತು. ಜಗತ್ತಿನ ಅತ್ಯುತ್ತಮ ಫೈಟರ್ ರೂಪಿಸುವ ಪ್ರತಿಭೆ ಇತ್ತು, ಅದನ್ನು ಸಾವಿರಗಟ್ಟಲೆ ತಯಾರಿಸಿ ಸಾಗಿಸಿ ನಿಭಾಯಿಸುವ ವ್ಯವಸ್ಥೆ ಇರಲಿಲ್ಲ. 1944ರಲ್ಲಿ ಅಮೆರಿಕ ಸುಮಾರು 96,000 ವಿಮಾನ ತಯಾರಿಸಿತು, ಜಪಾನ್ 28,000.

ಪೈಲಟ್‌ಗಳ ವಿಷಯದಲ್ಲೂ ಹಾಗೆಯೇ. ನೂರರಲ್ಲಿ ಒಬ್ಬಿಬ್ಬರನ್ನು ಆರಿಸುವ ಪದ್ಧತಿ ಅಪ್ರತಿಮ ಪೈಲಟ್‌ಗಳನ್ನು ಕೊಟ್ಟಿತು, ಆದರೆ ಅವರ ಜಾಗ ತುಂಬುವವರನ್ನು ಕೊಡಲಿಲ್ಲ. ಅಮೆರಿಕ ತನ್ನ ಅನುಭವಿಗಳನ್ನು ಸರದಿಯ ಮೇಲೆ ಮನೆಗೆ ಕರೆಸಿ ಹೊಸಬರಿಗೆ ಕಲಿಸಲು ಹಚ್ಚಿತು. ಜಪಾನಿನ ಅನುಭವಿಗಳು ಹೆಚ್ಚಾಗಿ ಸಾಯುವವರೆಗೂ ರಣರಂಗದಲ್ಲೇ ಉಳಿದರು. ಜಪಾನಿನ ಅತ್ಯುತ್ತಮ ಪೈಲಟ್‌ಗಳೆಲ್ಲ ಮಿಡ್‌ವೇಯಲ್ಲೇ ಮುಗಿದರು ಎಂದು ದೀರ್ಘಕಾಲ ನಂಬಲಾಗಿತ್ತು. ಇತಿಹಾಸಕಾರರಾದ ಜೊನಾಥನ್ ಪಾರ್ಶಲ್ ಮತ್ತು ಆಂಟನಿ ಟಲ್ಲಿ 2005ರಲ್ಲಿ ಜಪಾನಿ ದಾಖಲೆಗಳ ಆಧಾರದಿಂದ ಅದನ್ನು ತಿದ್ದಿದರು. ಮಿಡ್‌ವೇಯಲ್ಲಿ ಸತ್ತ ವೈಮಾನಿಕರು ಸುಮಾರು 110. ಸುಮಾರು ಐದು ತಿಂಗಳ ನಂತರದ ಸಾಂತಾ ಕ್ರೂಜ್ ಕಾಳಗದಲ್ಲಿ ಅದಕ್ಕಿಂತ ಹೆಚ್ಚು ಮಂದಿ ಸತ್ತರು. ಜಪಾನಿನ ನೆಲೆಯಾಗಿದ್ದ ರಬೌಲ್‌ನಿಂದ ಗ್ವಾಡಲ್‌ಕನಾಲ್ ದ್ವೀಪಕ್ಕೆ ಸಾವಿರ ಕಿಲೋಮೀಟರ್ ಹಾರಿ, ಕಾದಿ, ಮತ್ತೆ ಅಷ್ಟೇ ದೂರ ಮರಳಬೇಕಿದ್ದ ದಿನನಿತ್ಯದ ಸವೆತವೇ ಆ ಪಡೆಯನ್ನು ತಿಂದುಹಾಕಿತು.

ನೌಕಾಪಡೆ ಪೈಲಟ್‌ಗಳ ಹಾರಾಟದ ಅನುಭವ 1944ರ ಹೊತ್ತಿಗೆ ಯುದ್ಧಾರಂಭದ ಅರ್ಧಕ್ಕಿಂತಲೂ ಕಡಿಮೆಯಾಗಿತ್ತು. ಆ ವರ್ಷದ ಜೂನ್‌ನಲ್ಲಿ ಫಿಲಿಪ್ಪೀನ್ ಸಮುದ್ರದ ಕಾಳಗದಲ್ಲಿ ಜಪಾನ್ ಎರಡು ದಿನಗಳಲ್ಲಿ ಸುಮಾರು 400 ವಿಮಾನ ಕಳೆದುಕೊಂಡಿತು. ಅಮೆರಿಕನ್ನರು ಅದನ್ನು ಟರ್ಕಿ ಕೋಳಿಗಳ ಬೇಟೆಗೆ ಹೋಲಿಸಿದರು. ಅರೆಬರೆ ಕಲಿತ ಹುಡುಗರ ಸಾವಿಗೆ ಬಂದ ಹೆಸರು ಅದು. ಅಕ್ಟೋಬರ್‌ನಲ್ಲಿ ತೈವಾನ್ ಬಳಿ ಅನನುಭವಿಗಳು ತಂದ ವರದಿಗಳನ್ನು ನಂಬಿ 11 ವಿಮಾನವಾಹಕಗಳನ್ನು ಮುಳುಗಿಸಿದ್ದೇವೆಂದು ಟೋಕಿಯೊ ಘೋಷಿಸಿತು. ನಿಜದಲ್ಲಿ ಒಂದೂ ಮುಳುಗಿರಲಿಲ್ಲ. ಆ ಸುಳ್ಳು ಗೆಲುವಿನ ಮೇಲೆಯೇ ಭೂಸೇನೆ ಫಿಲಿಪ್ಪೀನ್ಸ್‌ನ ರಕ್ಷಣಾ ಯೋಜನೆಯನ್ನು ಬದಲಿಸಿ ಲೆಯ್ಟೆ ದ್ವೀಪಕ್ಕೆ ಸೈನಿಕರನ್ನು ಕಳಿಸಿ ಕಳೆದುಕೊಂಡಿತು.

ಹುಚ್ಚರೆಂದು ಕರೆಸಿಕೊಂಡವರು

1944ರ ಅಕ್ಟೋಬರ್ 25ರಂದು ಯುಕಿಯೊ ಸೆಕಿ ಎಂಬ ಅಧಿಕಾರಿಯ ನೇತೃತ್ವದ ಆತ್ಮಾಹುತಿ ದಳ ಅಮೆರಿಕದ ‘ಸೇಂಟ್ ಲೊ’ ನೌಕೆಯನ್ನು ಮುಳುಗಿಸಿತು. ಬಾಂಬಿನ ಸಮೇತ ವಿಮಾನವನ್ನೇ ಹಡಗಿಗೆ ಅಪ್ಪಳಿಸುವ ಈ ಕಾಮಿಕಾಜೆ ದಾಳಿಗಳ ಸುದ್ದಿಯನ್ನು ಅಮೆರಿಕದ ನೌಕಾಪಡೆ 1945ರ ಏಪ್ರಿಲ್‌ವರೆಗೂ ಪತ್ರಿಕೆಗಳಿಂದ ಮುಚ್ಚಿಟ್ಟಿತು. ನಾವಿಕರ ನಡುವೆ ಗಾಳಿಮಾತು ಹರಡಿತು: ಅವರಿಗೆ ಮದ್ದು ಕುಡಿಸಿರುತ್ತಾರೆ, ಆಸನಕ್ಕೆ ಸರಪಳಿ ಹಾಕಿ ಬಿಗಿದಿರುತ್ತಾರೆ, ಅವರು ಮತಾಂಧರು, ಹುಚ್ಚರು. ಜಪಾನ್ ಸರ್ಕಾರ ಇದರ ಇನ್ನೊಂದು ತುದಿಯನ್ನು ಹಿಡಿಯಿತು: ಅವರು ದೇವರು, ಉದುರುವ ಚೆರ್ರಿ ಹೂಗಳು. ಎರಡು ಚಿತ್ರಗಳೂ ಆ ಹುಡುಗರನ್ನು ಅಳಿಸಿಹಾಕಿದವು.

ಅವರಲ್ಲಿ ಬಹಳಷ್ಟು ಮಂದಿ 1943ರ ಅಕ್ಟೋಬರ್ ನಂತರ ತರಗತಿಗಳಿಂದ ನೇರವಾಗಿ ಸೇನೆಗೆ ಸೇರಿಸಿಕೊಂಡ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು. ಸತ್ತ ವಿದ್ಯಾರ್ಥಿಗಳ ಪತ್ರಗಳ ಸಂಕಲನ 1949ರಲ್ಲಿ ಜಪಾನಿನಲ್ಲಿ ಪ್ರಕಟವಾದಾಗ ಓದುಗರಿಗೆ ಎದುರಾದದ್ದು ದೇವರೂ ಅಲ್ಲ, ಹುಚ್ಚರೂ ಅಲ್ಲ. ಕೆಯೊ ವಿಶ್ವವಿದ್ಯಾಲಯದ ರ್‍ಯೋಜಿ ಉಎಹರಾ 1945ರ ಮೇ 11ರಂದು ಒಕಿನಾವಾ ಕಡೆ ಹಾರಿ ಸತ್ತಾಗ ಅವನಿಗೆ 22 ವರ್ಷ. ಹಿಂದಿನ ರಾತ್ರಿ ಅವನು ಬರೆದಿಟ್ಟ ಬರಹದಲ್ಲಿ ಸ್ವಾತಂತ್ರ್ಯವೇ ಕೊನೆಗೆ ಗೆಲ್ಲುತ್ತದೆ, ಸರ್ವಾಧಿಕಾರದ ದೇಶಗಳು ಬೀಳುತ್ತವೆ, ಇಟಲಿ-ಜರ್ಮನಿಗಳೇ ಅದಕ್ಕೆ ಸಾಕ್ಷಿ ಎಂಬ ವಿಚಾರವಿದೆ. ತನ್ನ ದೇಶ ಸೋಲುತ್ತದೆಂದು ತಿಳಿದೂ ಅವನು ಹೋದ. ಮಾನವಶಾಸ್ತ್ರಜ್ಞೆ ಎಮಿಕೊ ಒನುಕಿ-ಟಿಯರ್ನಿ 2002ರ ತಮ್ಮ ಅಧ್ಯಯನದಲ್ಲಿ ಇಂಥ ಯುವಕರ ದಿನಚರಿಗಳನ್ನು ಓದಿ, ಯುರೋಪಿನ ತತ್ವಶಾಸ್ತ್ರ ಸಾಹಿತ್ಯಗಳನ್ನೆಲ್ಲ ಓದಿಕೊಂಡಿದ್ದ ಈ ಹುಡುಗರು ಪ್ರಭುತ್ವದ ಒತ್ತಡದೊಳಗೆ ಹೇಗೆ ಸಿಕ್ಕಿಕೊಂಡರೆಂದು ತೋರಿಸಿದರು. ಕಾಮಿಕಾಜೆ ದಾಳಿಗಳಲ್ಲಿ ಸತ್ತ ಪೈಲಟ್‌ಗಳು 3,000ಕ್ಕೂ ಹೆಚ್ಚು. ಸೇನಾಧಿಕಾರಿಗಳ ದೃಷ್ಟಿಯಲ್ಲಿ ಅದರ ಹಿಂದಿದ್ದುದು ಲೆಕ್ಕ: ಅನುಭವಿ ಪೈಲಟ್‌ಗಳಿಲ್ಲ, ತೈಲವಿಲ್ಲ, ತರಬೇತಿಗೆ ಸಮಯವಿಲ್ಲ. ಹುಚ್ಚು ಇದ್ದರೆ ಅದು ಆ ಲೆಕ್ಕ ಹಾಕಿದವರದು; ಅದಕ್ಕೆ ಬೆಲೆ ತೆತ್ತವರದಲ್ಲ.

ಅಧ್ಯಯನಗಳು ಕಲಿಸುವುದು

ಇತಿಹಾಸಕಾರ ಜಾನ್ ಡವರ್ 1986ರಲ್ಲಿ ಪೆಸಿಫಿಕ್ ಯುದ್ಧದ ಜನಾಂಗೀಯ ಕಲ್ಪನೆಗಳ ಬಗ್ಗೆ ಬರೆದ ಪುಸ್ತಕ ಈ ಇಡೀ ಚರ್ಚೆಯ ದಿಕ್ಕನ್ನು ಬದಲಿಸಿತು. ಕೀಳು ಮನುಷ್ಯ ಮತ್ತು ಅತಿಮಾನುಷ ಎಂಬ ಚಿತ್ರಗಳು ಒಂದೇ ಬೇರಿನಿಂದ ಹುಟ್ಟಿದವು, ಎರಡಕ್ಕೂ ಎದುರಾಳಿಯನ್ನು ನಮ್ಮಂತೆಯೇ ಒಬ್ಬನೆಂದು ಒಪ್ಪಲಾಗದ ಮನಸ್ಸೇ ಕಾರಣ ಎಂದು ಅವರು ತೋರಿಸಿದರು. 2001ರಲ್ಲಿ ಇನ್ನೊಬ್ಬ ಇತಿಹಾಸಕಾರ ಮಾರ್ಕ್ ಪೀಟಿ ಜಪಾನಿ ನೌಕಾ ವಾಯುಬಲದ ಬೆಳವಣಿಗೆಯನ್ನು ಒಳಗಿನಿಂದ ವಿವರಿಸಿ, ಅದರ ಶಕ್ತಿ ಮತ್ತು ದೌರ್ಬಲ್ಯ ಎರಡೂ ಯುದ್ಧಕ್ಕೆ ಮೊದಲೇ ಅದರ ರಚನೆಯಲ್ಲಿದ್ದವೆಂದು ಸ್ಪಷ್ಟಪಡಿಸಿದರು.

ಈ ಅಧ್ಯಯನಗಳನ್ನು ಒಟ್ಟಿಗೆ ಓದಿದಾಗ ನನಗೆ ಮುಖ್ಯವೆನಿಸುವ ಮಾತು ಒಂದಿದೆ. ತಪ್ಪು ಎಣಿಕೆಯ ಬೆಲೆಯನ್ನು ಎಣಿಸಿದವರು ತೆರಲಿಲ್ಲ. ಬಫಲೊ ಸಾಕೆಂದವನು ಬಫಲೊ ಹಾರಿಸಲಿಲ್ಲ. ಆ ಸಾವಿನ ವಿಮಾನಗಳಲ್ಲಿ ಕೂತವರು ಮನೋಬಲ ಸಾಕೆಂದವರ ಮಕ್ಕಳು ಮಾತ್ರವಾಗಿರಲಿಲ್ಲ. ರಂಗೂನಿನ ಕೂಲಿಗೆ ಯಾವ ಸಿದ್ಧಾಂತವೂ ಗೊತ್ತಿರಲಿಲ್ಲ. ಯುದ್ಧದ ಮಾತು ಮತ್ತೆ ಮತ್ತೆ ಏಳುವ ನಮ್ಮ ಕಾಲದಲ್ಲೂ ಎದುರಿನವರು ಹೇಡಿಗಳು, ರಾಕ್ಷಸರು, ಹುಚ್ಚರು ಎಂಬ ಘೋಷಣೆಗಳು ಸುಲಭವಾಗಿ ಸಿಗುತ್ತವೆ. ಅವನ್ನು ಕೇಳಿದಾಗ ನಾಗರಿಕರು ಕೇಳಬೇಕಾದ ಪ್ರಶ್ನೆಗಳು ಸರಳವಾದವು: ಅವರ ತರಬೇತಿ ಏನು, ಯಂತ್ರ ಏನು, ನೆಲದ ಮೇಲಿರುವವರು ಏನು ಹೇಳುತ್ತಿದ್ದಾರೆ, ಈ ಅಭಿಪ್ರಾಯದಿಂದ ಯಾರಿಗೆ ಅನುಕೂಲ, ಅದು ತಪ್ಪಾದರೆ ಸಾಯುವವರು ಯಾರು? ಈ ಪ್ರಶ್ನೆಗಳನ್ನು ಕೇಳಿದರೆ ಯುದ್ಧ ನಿಲ್ಲುತ್ತದೆ ಎಂದಲ್ಲ. ಕೇಳದೆ ಹೋದಾಗ ಏನಾಗುತ್ತದೆ ಎಂಬುದಕ್ಕೆ ಚೊಂಗ್‌ಚಿಂಗ್‌ನಿಂದ ಒಕಿನಾವಾದವರೆಗಿನ ಲೆಕ್ಕ ನಮ್ಮ ಮುಂದಿದೆ.